ಜೂಮ್ ನೋಡಿ ಸ್ಕೋಪ್ ತಗೋಬೇಡಿ: ಮಲೆನಾಡಿನ ಏರ್‌ಗನ್ನಿಗೆ ಯಾವುದು ಸರಿ?

ನನ್ನ ಏರ್‌ಗನ್ನಿನ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂತ ದಿನದಿಂದ ಮನೆಗೆ ಬಂದವರೆಲ್ಲ ಕೇಳುವುದು ಒಂದೇ, "ಎಷ್ಟು ದೂರದ್ದು ಕಾಣುತ್ತೆ?" ಪಕ್ಕದ ಮನೆ ದೊಡ್ಡಪ್ಪನೂ ಅದನ್ನೇ ಕೇಳಿದರು. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, "ನಮ್ಮ ಜೋಡಿ ನಳಿಗೆ ಕೋವಿಗೂ ಇಂಥದ್ದೊಂದು ಹಾಕ್ಸಿ ಕೊಡೋ ಮಾರಾಯ, ಕಣ್ಣು ಮಂಜಾಗ್ತಿದೆ" ಅಂದರು. "ಅದಕ್ಕೆ ಹಾಕಿ ಪ್ರಯೋಜನ ಇಲ್ಲ ದೊಡ್ಡಪ್ಪ" ಅಂದೆ. ತೋಟೆ ಕೋವಿಯಿಂದ ಹೊರಟ ಚರೆ ದೂರ ಹೋದಷ್ಟೂ ಹರಡುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆ ಇಟ್ಟು ಗುರಿ ನೋಡಿ ಅಲ್ಲಿ ಏನು ಮಾಡುವುದು? ಸ್ಕೋಪ್ ಬೇಕಾಗುವುದು ಒಂದೇ ಗುಂಡು ಹಾರಿಸುವ ರೈಫಲ್ಲಿಗೆ, ಏರ್ ರೈಫಲ್ಲಿಗೆ.

ಶಿಕಾರಿಗೆ ಅಂತ ಸ್ಕೋಪ್ ಹುಡುಕುತ್ತಿರುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. ಹಂದಿ ಗದ್ದೆ ಉತ್ತು ಹಾಕಿದರೂ, ಮಂಗ ಎಳೆ ಅಡಿಕೆ ಕಿತ್ತು ಬಿಸಾಡಿದರೂ, ಅರಣ್ಯ ಇಲಾಖೆಯನ್ನು ಕೇಳದೆ ನಾವಾಗಿ ಕೋವಿ ಎತ್ತುವ ಹಾಗಿಲ್ಲ. ಹೊಟ್ಟೆ ಉರಿಯುತ್ತದೆ, ನನಗೂ ಗೊತ್ತು, ನನ್ನದೂ ತೋಟವೇ. ಆದರೂ ಇಲ್ಲಿ ಹೇಳುವುದೆಲ್ಲ ಕಾಗದ, ಡಬ್ಬಿ, ಬಾಟಲಿ ಮುಚ್ಚಳಕ್ಕೆ ಹೊಡೆಯುವವರಿಗೆ.

ಶಿಕಾರಿ ಮಾತು ಸುಮ್ನೆ ಎತ್ತಲಿಲ್ಲ. ಆನ್‌ಲೈನಿನಲ್ಲಿ ಸಿಗುವ ಸಲಹೆ, ವಿಡಿಯೋ ಎಲ್ಲ ಜಾಸ್ತಿ ಅಮೆರಿಕದ್ದು. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಹೊಡೆಯುತ್ತಾರೆ, ನೂರು ಇನ್ನೂರು ಗಜ ದೂರದಿಂದ. ಅವರ ಮಾಮೂಲಿ ಸ್ಕೋಪ್ 3-9×40. ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ. ಅಂಥ ಹೆಚ್ಚಿನ ಸ್ಕೋಪುಗಳನ್ನು ಕಂಪನಿಯಲ್ಲೇ 100 ಗಜಕ್ಕೆ ಹೊಂದಿಸಿಟ್ಟಿರುತ್ತಾರೆ. ನಾವು ಹೊಡೆಯುವುದು ಎಲ್ಲಿ? ಅಂಗಳದ ತುದಿಯಿಂದ ದರೆಯವರೆಗೆ. ಬಹಳ ಅಂದರೆ 25 ಮೀಟರ್. ಎಡವಟ್ಟು ಶುರುವಾಗುವುದು ಇಲ್ಲೇ.

ನಾನೇ ಎಡವಿದ್ದೇನೆ. ಮೊದಲ ಸಲ ಆನ್‌ಲೈನಿನಲ್ಲಿ 6-24×50 ತರಿಸಿದೆ. ಇಪ್ಪತ್ತನಾಲ್ಕು ಪಟ್ಟು! ಡಬ್ಬಿ ಬಿಚ್ಚಿದಾಗ ಎಂಥಾ ಖುಷಿ. ಕೋವಿಗೆ ಕೂರಿಸಿ ಹತ್ತು ಮೀಟರಿನ ಕಾಗದ ನೋಡಿದರೆ ಮಜ್ಜಿಗೆಯೊಳಗೆ ಇಣುಕಿದ ಹಾಗೆ, ಬರೀ ಬಿಳಿ. ಜೂಮ್ ಆರಕ್ಕೆ ಇಳಿಸಿದ ಮೇಲೆ ಏನೋ ಒಂದಿಷ್ಟು ಕಂಡಿತು. ಅದೂ ಎರಡು ವಾರ. ಆಮೇಲೆ ಒಂದು ದಿನ ಒಳಗಿನ ಅಡ್ಡ ಗೆರೆ ವಾಲಿಕೊಂಡಿತ್ತು, ಅಲ್ಲಾಡಿಸಿದರೆ ಗಾಜು ಕಟಕಟ ಅನ್ನುತ್ತಿತ್ತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಇದು ಸ್ಪ್ರಿಂಗ್ ಗನ್ನಿಗೆ ಮಾಡಿದ್ದಲ್ಲ ಅಂದರು. ಅದು ನಿಜವೇ, ಆದರೆ ಆ ಮಾತು ಡಬ್ಬಿ ಮೇಲೆ ಇರಬೇಕಿತ್ತು.

ಹಾಗಾಗಿ ಮೊದಲು ನೋಡಬೇಕಾದ್ದು ಪ್ಯಾರಲಾಕ್ಸ್. ಹೆಸರು ಕೇಳಿ ಹೆದರಬೇಡಿ. ಜೀಪಿನ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಮುಳ್ಳು 40ರ ಮೇಲೆ ಕಂಡರೆ ಪಕ್ಕದ ಸೀಟಿನವನಿಗೆ ಬೇರೆ ಅಂಕಿಯ ಮೇಲೆ ಕಾಣುತ್ತದೆ, ಅಲ್ವಾ? ಮುಳ್ಳಿಗೂ ಅಂಕಿಗೂ ನಡುವೆ ಜಾಗ ಇರುವುದರಿಂದ ಹಾಗೆ. ಸ್ಕೋಪಿನ ಒಳಗೂ ಅದೇ ಕತೆ. ಗುರಿಯ ಬಿಂಬ ಒಂದು ಕಡೆ ಬಿದ್ದು, ಅಡ್ಡ ಗೆರೆ ಇನ್ನೊಂದು ಕಡೆ ಇದ್ದರೆ, ಕಣ್ಣು ಚೂರು ಸರಿದರೂ ಗುರಿ ಸರಿಯುತ್ತದೆ. ಪರೀಕ್ಷೆ ಸುಲಭ. ಗನ್ನನ್ನು ಮರಳಿನ ಚೀಲದ ಮೇಲೆ ಭದ್ರವಾಗಿ ಇಟ್ಟು, ಅದನ್ನು ಮುಟ್ಟದೆ ಸ್ಕೋಪಿನಲ್ಲಿ ನೋಡುತ್ತಾ ತಲೆಯನ್ನು ನಿಧಾನಕ್ಕೆ ಮೇಲೆ ಕೆಳಗೆ, ಆಚೆ ಈಚೆ ಆಡಿಸಿ. ಗೆರೆ ಕಾಗದದ ಮೇಲೆ ತೇಲಿದರೆ ಆ ದೂರಕ್ಕೆ ಪ್ಯಾರಲಾಕ್ಸ್ ಸರಿ ಇಲ್ಲ. ಹತ್ತಿರದ ದೂರದಲ್ಲಿ ಈ ತಪ್ಪು ಎದ್ದು ಕಾಣುತ್ತದೆ, ಜೂಮ್ ಜಾಸ್ತಿ ಮಾಡಿದಷ್ಟೂ ಇನ್ನೂ ಹೆಚ್ಚು.

ಅಂಗಡಿಯಲ್ಲಿ ಕೇಳಬೇಕಾದ ಮಾತು ಇಷ್ಟೇ: "ಪ್ಯಾರಲಾಕ್ಸ್ ಹತ್ತು ಮೀಟರಿನವರೆಗೆ ಬರುತ್ತಾ?" ಮುಂದಿನ ಗಾಜಿನ ಸುತ್ತ ತಿರುಗುವ ಬಳೆ ಇದ್ದರೆ ಅದು ಎಒ (ಅಡ್ಜಸ್ಟಬಲ್ ಆಬ್ಜೆಕ್ಟಿವ್), ಎಡಗಡೆ ತಿರುಗುವ ಗುಂಡಿ ಇದ್ದರೆ ಸೈಡ್ ಫೋಕಸ್. ಕೆಲಸ ಎರಡರದ್ದೂ ಒಂದೇ, ಗುರಿಯ ದೂರಕ್ಕೆ ತಕ್ಕ ಹಾಗೆ ಪ್ಯಾರಲಾಕ್ಸ್ ಹೊಂದಿಸುವುದು. ಸೈಡ್ ಫೋಕಸ್ ಇದ್ದರೆ ಗನ್ ಹಿಡಿದ ಭಂಗಿ ಕೆಡದೆ ತಿರುಗಿಸಬಹುದು, ಬೆಲೆ ಮಾತ್ರ ಸ್ವಲ್ಪ ಮೇಲೆ. ನಾನು ಎಒ ಇಟ್ಟುಕೊಂಡಿದ್ದೇನೆ, ಕೊರತೆ ಏನೂ ಕಂಡಿಲ್ಲ. ಬಳೆಯ ಮೇಲೆ ಬರೆದ ದೂರವನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ನಮ್ಮ ತೋಟದಲ್ಲಿ ಅಡಿಕೆ ಗಿಡ ಒಂಬತ್ತು ಅಡಿಗೊಂದು, ಅಂದರೆ ಸುಮಾರು 2.7 ಮೀಟರ್. ಸಾಲಿನ ಮೊದಲ ಮರಕ್ಕೆ ಆನಿಸಿ ನಿಂತು ಐದನೇ ಮರ, ಎಂಟನೇ ಮರ, ಹತ್ತನೇ ಮರ ನೋಡಿ, ತೊಗಟೆಯ ಪಾಚಿ ಯಾವ ಗುರುತಿಗೆ ಸ್ಪಷ್ಟವಾಗುತ್ತದೋ ಅಲ್ಲಿ ಬಿಳಿ ಪೆನ್ನಿನಲ್ಲಿ ಗೀಟು ಹಾಕಿಕೊಂಡೆ. ಟೇಪು ಹಿಡಿಯಲು ಇನ್ನೊಬ್ಬ ಬೇಕಾಗಲಿಲ್ಲ. ಹಾಂ, ಸ್ಕೋಪನ್ನು ಗನ್ನಿನಿಂದ ಬಿಚ್ಚಿಟ್ಟುಕೊಂಡು ಮಾಡಿ. ಗನ್ನಿನ ಮೇಲಿರುವ ಸ್ಕೋಪನ್ನು ದುರ್ಬೀನಿನ ಥರ ಬಳಸಿ ಅಲ್ಲಿ ಯಾರು ಹೋಗುತ್ತಿದ್ದಾರೆ ಅಂತ ನೋಡುವ ಚಟ ಕೆಲವರಿಗೆ ಇದೆ. ನೋಡಿದವನ ಕಡೆಗೇ ನಳಿಗೆಯೂ ತಿರುಗಿರುತ್ತದೆ ಅನ್ನುವುದು ಅವರಿಗೆ ಹೊಳೆಯುವುದಿಲ್ಲ.

ಎರಡನೆಯದು ಒದೆತ. ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಗನ್ ನೋಡಲು ಸಾಧು. ಆದರೆ ಅದು ಒದೆಯುವುದು ಎರಡು ಸಲ. ಒಳಗಿನ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ಗನ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ತುದಿಗೆ ಬಡಿದು ನಿಂತಾಗ ಮುಂದಕ್ಕೆ ಎಗರುತ್ತದೆ. ಮದ್ದಿನ ರೈಫಲ್ಲಿನ ಸ್ಕೋಪ್ ಹಿಂದಿನ ಒದೆತಕ್ಕೆ ತಯಾರಾಗಿರುತ್ತದೆ, ಮುಂದಿನ ಎಗರಿಗೆ ಅಲ್ಲ. ದೊಡ್ಡ ರೈಫಲ್ಲಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಒಂದು ಸ್ಪ್ರಿಂಗ್ ಗನ್ನಿನ ಮೇಲೆ ಹಾಳಾಗುವುದು ಇದಕ್ಕೇ. ಹಾಗಾಗಿ ಏರ್‌ಗನ್ನಿಗೆ, ಅದರಲ್ಲೂ ಸ್ಪ್ರಿಂಗ್ ಗನ್ನಿಗೆ ಆಗುತ್ತದೆ ಅಂತ ಬರೆದಿದ್ದನ್ನೇ ತೆಗೆದುಕೊಳ್ಳಿ. ಗಾಳಿ ತುಂಬಿಸುವ ಪಿಸಿಪಿ ಗನ್ ಆದರೆ ಈ ತಲೆನೋವಿಲ್ಲ, ಅದು ಒದೆಯುವುದೇ ಇಲ್ಲ ಅನ್ನಬಹುದು. ಗನ್ನನ್ನೂ ಹೊಸದಾಗಿ ತೆಗೆದುಕೊಳ್ಳುವವರಿಗೆ ಒಂದು ಮಾತು: ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂಥದ್ದು ಬೇಕೆಂದರೆ 4.5 ಮಿಲಿಮೀಟರಿನ, 20 ಜೂಲ್ ಒಳಗಿನ ಶಕ್ತಿಯದ್ದೇ ಇರಲಿ. ಅದಕ್ಕಿಂತ ಮೇಲಿನದಕ್ಕೆ 2016ರ ಆಯುಧ ನಿಯಮದ ಪ್ರಕಾರ ಲೈಸೆನ್ಸ್ ಬೇಕು.

ಸ್ಕೋಪನ್ನು ಗನ್ನಿಗೆ ಕಚ್ಚಿಸುವ ಮೌಂಟ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಏರ್‌ಗನ್ನಿನ ಮೇಲೆ ಸಾಮಾನ್ಯವಾಗಿ 11 ಮಿಲಿಮೀಟರಿನ ಸಣ್ಣ ಹಳಿ ಕೊರೆದಿರುತ್ತದೆ. ದೊಡ್ಡ ರೈಫಲ್ಲಿನ ಅಗಲ ಪಟ್ಟಿಗೆ ಮಾಡಿದ ಮೌಂಟ್ ಅದಕ್ಕೆ ಹಿಡಿಯುವುದಿಲ್ಲ. ಸ್ಕೋಪಿನ ಕೊಳವೆ ಒಂದು ಇಂಚಿನದೋ 30 ಮಿಲಿಮೀಟರಿನದೋ ನೋಡಿಕೊಂಡು ಅದಕ್ಕೆ ತಕ್ಕ ರಿಂಗ್ ತನ್ನಿ. ಸ್ಪ್ರಿಂಗ್ ಗನ್ನಿಗೆ ಒಂದೇ ತುಂಡಿನ ಮೌಂಟ್ ಒಳ್ಳೆಯದು, ಅಡಿಯಲ್ಲಿ ತಡೆ ಮೊಳೆ ಇದ್ದರೆ ಇನ್ನೂ ಒಳ್ಳೆಯದು. ಅದಿಲ್ಲದಿದ್ದರೆ ಒದೆತಕ್ಕೆ ಸ್ಕೋಪ್ ದಿನಕ್ಕಿಷ್ಟು ಅಂತ ಹಿಂದಕ್ಕೆ ಜಾರುತ್ತಾ ಬರುತ್ತದೆ. ನೀವು ಗುರಿ ತಪ್ಪಿತು, ಪೆಲೆಟ್ ಸರಿ ಇಲ್ಲ, ಗಾಳಿ ಬೀಸಿತು ಅಂತ ಒಂದೊಂದನ್ನೇ ಬೈಯುತ್ತಾ ಕೂರುತ್ತೀರಿ.

ಈಗ ಜೂಮ್. ಸ್ಕೋಪಿನ ಹಿಂದೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ತಿಳಿಯಬೇಕಾದರೆ ಮುಂದಿನ ಗಾಜಿನ ಅಳತೆಯನ್ನು ಜೂಮಿನಿಂದ ಭಾಗಿಸಿ. 40ನ್ನು 4ರಿಂದ ಭಾಗಿಸಿದರೆ 10 ಮಿಲಿಮೀಟರ್, ಬೇಕಾದಷ್ಟು ಬೆಳಕು. 50ನ್ನು 24ರಿಂದ ಭಾಗಿಸಿದರೆ ಎರಡೇ ಚಿಲ್ಲರೆ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲಿಸುತ್ತದೆ, ವಯಸ್ಸಾದಂತೆ 5ರ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಕಡೆ ಅಡಿಕೆ ಮರದ ಕೆಳಗೆ ಸಂಜೆ ಐದಕ್ಕೇ ಮಬ್ಬು. ಮಳೆಗಾಲದಲ್ಲಂತೂ ಮಧ್ಯಾಹ್ನವೂ ಹಾಗೇ. ಅಲ್ಲಿ ಎರಡು ಮಿಲಿಮೀಟರಿನ ಕಿಂಡಿ ಇಟ್ಟುಕೊಂಡು ಏನು ನೋಡುತ್ತೀರಿ? ಸಾಲದ್ದಕ್ಕೆ ಜೂಮ್ ಹೆಚ್ಚಿದಷ್ಟೂ ನಿಮ್ಮ ಎದೆ ಬಡಿತವೂ ಕಾಣುತ್ತದೆ, ಗೆರೆ ಕುಣಿಯುತ್ತದೆ, ತಲೆ ಕೆಡುತ್ತದೆ. 25 ಮೀಟರಿನವರೆಗೆ ನನಗೆ ಆರು ಏಳು ಪಟ್ಟು ಸಾಕು. 3-9×40 ಎಒ ಅಥವಾ 4-12×40 ಎಒ ತೆಗೆದುಕೊಂಡರೆ ತುಂಬಾ ದಿನ ಇನ್ನೊಂದು ಬೇಕು ಅನ್ನಿಸುವುದಿಲ್ಲ. ಗಾಜಿಗೆ ಎಲ್ಲಾ ಮೈಗೂ ಹಲವು ಪದರದ ಲೇಪ ಇದೆಯಾ ಅಂತ ಕೇಳಿ. ಡಬ್ಬಿ ಮೇಲೆ 'ಫುಲ್ಲಿ ಮಲ್ಟಿ ಕೋಟೆಡ್' ಅಂತ ಇರುತ್ತದೆ. ಬರೀ 'ಕೋಟೆಡ್' ಅಂತಿದ್ದರೆ ಅಷ್ಟು ಲೆಕ್ಕಕ್ಕಿಲ್ಲ. ಕೆಂಪು ಹಸಿರು ದೀಪ ಇರುವ ಗೆರೆ ಬೇಕೇ ಬೇಕು ಅಂತೇನಿಲ್ಲ. ನನ್ನದರಲ್ಲಿ ಬ್ಯಾಟರಿ ಹೋಗಿ ವರ್ಷವಾಯಿತು, ಹಾಕಿಯೇ ಇಲ್ಲ.

ಮಕ್ಕಳನ್ನು ಶೂಟಿಂಗ್ ಸ್ಪರ್ಧೆಗೆ ಕಳಿಸುವ ಆಸೆ ಇದ್ದವರು ಸ್ಕೋಪಿಗೆ ದುಡ್ಡು ಹಾಕಲೇಬೇಡಿ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ಲಿನಲ್ಲಿ ಸ್ಕೋಪಿಗೆ ಅವಕಾಶ ಇಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಪೀಪ್ ಸೈಟಿನಲ್ಲಿ ನೋಡಿ. ಆ ಗುರಿಹಲಗೆಯ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಸ್ಕೋಪ್ ಅಭ್ಯಾಸವಾದ ಹುಡುಗರಿಗೆ ಆಮೇಲೆ ಪೀಪ್ ಸೈಟಿಗೆ ಹೊಂದಿಕೊಳ್ಳುವುದು ಕಷ್ಟ. ಫೀಲ್ಡ್ ಟಾರ್ಗೆಟ್, ಬೆಂಚ್ ರೆಸ್ಟ್ ಥರದ ಆಟಗಳಲ್ಲಿ ಸ್ಕೋಪ್ ಬಳಸುತ್ತಾರೆ, ಅದು ಬೇರೆ ದಾರಿ.

ಕೂರಿಸುವ ಕೆಲಸಕ್ಕೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ರಿಂಗ್ ಸಡಿಲ ಇರುವಾಗಲೇ ಕಣ್ಣು ಮುಚ್ಚಿ ಗನ್ ಭುಜಕ್ಕೆ ತನ್ನಿ, ಕಣ್ಣು ಬಿಡಿ. ಪೂರ್ತಿ ದುಂಡಗೆ ಕಾಣಬೇಕು, ಅಂಚಿನಲ್ಲಿ ಕಪ್ಪು ನೆರಳು ಇರಬಾರದು. ಕಣ್ಣಿಗೂ ಗಾಜಿಗೂ ಮೂರು ನಾಲ್ಕು ಇಂಚು ಅಂತರ ಬರುತ್ತದೆ. ಆಮೇಲೆ ಹತ್ತು ಮೀಟರ್ ಆಚೆ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಗನ್ನನ್ನು ನೆಟ್ಟಗೆ ಹಿಡಿದು, ಉದ್ದ ಗೆರೆ ದಾರದ ಮೇಲೆ ಸರಿಯಾಗಿ ಕೂರುವ ಹಾಗೆ ಸ್ಕೋಪ್ ತಿರುಗಿಸಿ. ಸ್ಕ್ರೂಗಳನ್ನು ಜೀಪಿನ ಚಕ್ರದ ನಟ್ ಬಿಗಿದ ಹಾಗೆ ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಲನ್ ಕೀಯ ಉದ್ದ ತುದಿ ಹಿಡಿದು ಬಲ ಹಾಕಿದರೆ ಕೊಳವೆ ನಜ್ಜುಗುಜ್ಜಾಗುತ್ತದೆ. ಗಿಡ್ಡ ತುದಿ ಹಿಡಿದು ಬೆರಳಿನ ಬಲದಲ್ಲಿ ಬಿಗಿದರೆ ಸಾಕು.

ಗುರಿ ಹೊಂದಿಸಲು ಸ್ಕೋಪಿನ ಮೇಲೊಂದು, ಪಕ್ಕದಲ್ಲೊಂದು ಗುಂಡಿ ಇರುತ್ತದೆ, ತಿರುಗಿಸಿದರೆ ಕ್ಲಿಕ್ ಕ್ಲಿಕ್ ಅನ್ನುತ್ತದೆ. ಲೆಕ್ಕ ತಪ್ಪುವುದು ಆ ಕ್ಲಿಕ್ಕಿನಲ್ಲಿ. ಹೆಚ್ಚಿನ ಸ್ಕೋಪುಗಳಲ್ಲಿ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಕಾಲು ಇಂಚು. ನಾಲ್ಕು ಕ್ಲಿಕ್ಕಿಗೆ ಒಂದು ಇಂಚು ಅಂತ ವಿಡಿಯೋದವರು ಹೇಳುವುದು ಆ ದೂರಕ್ಕೆ. 25 ಮೀಟರಿನಲ್ಲಿ ಅದೇ ಕ್ಲಿಕ್ಕಿಗೆ ಗುಂಡು ಸರಿಯುವುದು 2 ಮಿಲಿಮೀಟರಿಗಿಂತ ಕಡಿಮೆ, 10 ಮೀಟರಿನಲ್ಲಿ ಬರೀ 0.7 ಮಿಲಿಮೀಟರ್. ಅಂದರೆ ಹತ್ತು ಮೀಟರಿನಲ್ಲಿ ಒಂದು ಇಂಚು ಮೇಲೆತ್ತಲು ಸುಮಾರು 35 ಕ್ಲಿಕ್ ತಿರುಗಿಸಬೇಕು. ನಾಲ್ಕು ತಿರುಗಿಸಿ, ಗುಂಡು ಅಲ್ಲೇ ಬಿತ್ತು ಅಂತ ಸ್ಕೋಪಿನ ಮೇಲೆ ರೇಗಿದವರನ್ನು ನೋಡಿದ್ದೇನೆ. ಒಂದು ಗುಂಡು ನೋಡಿ ತಿರುಗಿಸಲೂಬೇಡಿ. ಐದು ಹೊಡೆದು, ಅವುಗಳ ನಡು ಎಲ್ಲಿದೆ ನೋಡಿ ತಿರುಗಿಸಿ. ಹಿಂದೆ ಎತ್ತರದ ಮಣ್ಣಿನ ದರೆ ಇರಲಿ, ಕಲ್ಲು ಇರುವ ದರೆ ಬೇಡ, ಪೆಲೆಟ್ ಚಿಮ್ಮಿ ವಾಪಸ್ ಬರುತ್ತದೆ. ಸ್ಕೋಪ್ ನಳಿಗೆಗಿಂತ ಒಂದೂವರೆ ಎರಡು ಇಂಚು ಮೇಲೆ ಕೂತಿರುವುದರಿಂದ ತೀರಾ ಹತ್ತಿರದ ಗುರಿಗೆ ಗುಂಡು ಕೆಳಗೆ ಬೀಳುತ್ತದೆ. ಅದು ನಿಮ್ಮ ತಪ್ಪಲ್ಲ.

ಕೊಂಡ ಮೇಲೆ ಉಳಿಸಿಕೊಳ್ಳುವುದು ನಮ್ಮ ಊರಿನಲ್ಲಿ ದೊಡ್ಡ ಕೆಲಸ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ. ಆರಿದ್ರಾ ಮಳೆ ಹಿಡಿಯಿತೆಂದರೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಕ್ಯಾಮೆರಾ ಇಟ್ಟವರ ಗೋಳು ಕೇಳಿಯೇ ಇದ್ದೀರಿ. ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿ ಲೇಪವನ್ನೇ ತಿಂದರೆ ಒರೆಸಿ ತೆಗೆಯಲು ಆಗುವುದಿಲ್ಲ. ಅದಕ್ಕೇ ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ ಸ್ಕೋಪನ್ನೇ ತೆಗೆದುಕೊಳ್ಳಿ. ಅದರ ಒಳಗೆ ತೇವ ಇರುವುದಿಲ್ಲ, ಮಂಜು ಕಟ್ಟುವುದಿಲ್ಲ. ಸೀಲ್ ನಿಜವಾ ಅಂತ ನೋಡಲು, ವಾಟರ್‌ಪ್ರೂಫ್ ಅಂತ ಬರೆದಿದ್ದರೆ ಮಾತ್ರ, ಕ್ಯಾಪುಗಳನ್ನು ಬಿಗಿದು ಉಗುರು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಎರಡು ನಿಮಿಷ ಮುಳುಗಿಸಿ. ಕೀಲುಗಳಿಂದ ಸಾಲಾಗಿ ಗುಳ್ಳೆ ಬರುತ್ತಲೇ ಇದ್ದರೆ ವಾರಂಟಿ ಇರುವಾಗಲೇ ವಾಪಸ್ ಕಳಿಸಿ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಾನು ಸ್ಕೋಪ್ ಬಿಚ್ಚಿ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಅಂತ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆ ಬಾಣಲೆಯಲ್ಲಿ ಬೇಡ, ಆ ನೀಲಿ ಬಣ್ಣ ವಿಷ. ಅದಕ್ಕೇ ಅಂತ ಹಳೆ ತಟ್ಟೆಯೊಂದನ್ನು ಬೇರೆ ಇಡಿ. ಗನ್ನಿನ ಜೊತೆ ಬಂದ ಸ್ಪಂಜಿನ ಚೀಲದಲ್ಲಿ ಮಳೆಗಾಲ ಕಳೆಯಬೇಡಿ, ಅದು ತೇವ ಹೀರಿ ಹಿಡಿದುಕೊಳ್ಳುತ್ತದೆ, ಬೂಷ್ಟಿನ ಜೊತೆ ತುಕ್ಕೂ ಉಚಿತ. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕುವವರೂ ಇದ್ದಾರೆ. ಅಲ್ಲಿ ಬೂಷ್ಟು ಬರುವುದಿಲ್ಲ ನಿಜ, ಆದರೆ ಗಾಜಿಗೆ ಹೊಗೆಯ ಜಿಡ್ಡು ಅಂಟಿ, ನಮ್ಮ ಅಜ್ಜಿಯ ಕಾಲದ ಲಾಟೀನಿನ ಬುರುಡೆಯ ಹಾಗೆ ಆಗುತ್ತದೆ.

ಬಿಚ್ಚುವ ಮೊದಲು ಗನ್ನಿನ ಹಳಿಯ ಮೇಲೆ ಮೌಂಟ್ ಎಲ್ಲಿ ಕೂತಿತ್ತು ಅಂತ ಗೀಟು ಹಾಕಿಕೊಳ್ಳಿ, ಎರಡೂ ಗುಂಡಿಗಳ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ದೀಪಾವಳಿ ಹೊತ್ತಿಗೆ ಮತ್ತೆ ಕೂರಿಸಿದಾಗ ಐದು ಹತ್ತು ಗುಂಡಿನಲ್ಲಿ ಗುರಿ ಹಾದಿಗೆ ಬರುತ್ತದೆ. ದೊಡ್ಡಪ್ಪನಿಗೆ ಕೊನೆಗೆ ಕನ್ನಡಕದ ಅಂಗಡಿ ತೋರಿಸಿದೆ.