ಸಕ್ಕರೆ ಪಾಕದ ಹನಿಗೆ ಎಣ್ಣೆಯ ಅಂಗಿ ತೊಡಿಸುವುದು ಹೇಗೆ?

ಒಂದು ದ್ರವದ ಹನಿಯನ್ನು ಇನ್ನೊಂದು ದ್ರವದ ಪದರ ಪೂರ್ತಿ ಸುತ್ತಿಕೊಂಡರೆ ಅದು ಜೋಡಿ ಹನಿ. ಔಷಧಿಯನ್ನೋ ಪರಿಮಳವನ್ನೋ ಒಳಗಿಟ್ಟು ಕಾಪಾಡಲು ಇಂಥ ಹನಿಗಳು ಬೇಕು. ಅಲ್ಲಿ ಬಳಸುವುದು ಕಣ್ಣಿಗೆ ಕಾಣದಷ್ಟು ಸಣ್ಣವು. ದೊಡ್ಡ ಹನಿಯನ್ನು ಅಡುಗೆಮನೆಯಲ್ಲೇ ಮಾಡಿ ನೋಡಬಹುದು.

ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿ, ಬಿಸಿ ಮಾಡಿ ಕರಗಿಸಿ. ಎಳೆ ಬರುವ ತನಕ ಕಾಯಿಸಬೇಡಿ. ಪಾಕ ಡ್ರಾಪರಿನಿಂದ ಸಲೀಸಾಗಿ ಬೀಳಬೇಕು. ಗಾಢ ಬಣ್ಣದ ಫುಡ್ ಕಲರ್ ಬೆರೆಸಿ ಆರಲು ಬಿಡಿ.

ಉದ್ದನೆಯ ಗಾಜಿನ ಲೋಟಕ್ಕೆ ನೀರು ತುಂಬಿ. ಅದರ ಮೇಲೆ ಅಡುಗೆ ಎಣ್ಣೆಯನ್ನು ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ ಇಳಿಸಿ. 3–4 ಮಿ.ಮೀ. ದಪ್ಪ ಸಾಕು. ಜಾಸ್ತಿಯಾದರೆ ಎಣ್ಣೆ ದಾಟುವಷ್ಟರಲ್ಲೇ ಹನಿಯ ವೇಗ ಕುಗ್ಗುತ್ತದೆ.

ಈಗ 20 ಸೆಂ.ಮೀ. ಎತ್ತರದಿಂದ ಒಂದು ಹನಿ ಬಿಡಿ. ಎಣ್ಣೆ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಫೋನಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಚಿತ್ರಿಸಿ.

ಹನಿ ಎಣ್ಣೆಯ ತಳದಲ್ಲೇ ಜೋತು ಕೂತರೆ ವೇಗ ಸಾಲಲಿಲ್ಲ ಎಂದರ್ಥ, ಎತ್ತರ ಹೆಚ್ಚಿಸಿ. ಬಣ್ಣ ನೀರಿಗೆ ಹರಡಿದರೆ ಎಣ್ಣೆ ಪದರ ಹರಿದಿದೆ. ಎತ್ತರ ತುಸು ಇಳಿಸಿ. ಬಣ್ಣ ಬಿಡದೆ ದುಂಡಗೆ ತಳಕ್ಕಿಳಿದರೆ ಎಣ್ಣೆ ಅಂಗಿ ಹತ್ತಿದೆ.

ನಡೆಯುವುದು ಇಷ್ಟು. ಎಣ್ಣೆ ಮತ್ತು ನೀರು ಸೇರುವ ಗಡಿ ಸುಲಭಕ್ಕೆ ಹಿಗ್ಗುವುದಿಲ್ಲ, ಅಲ್ಲಿರುವ ಎಳೆತ ಅದನ್ನು ಚಿಕ್ಕದಾಗಿಡಲು ನೋಡುತ್ತದೆ. ಹನಿಯ ವೇಗ ಆ ಎಳೆತವನ್ನು ಗೆಲ್ಲಬೇಕು. ಗೆದ್ದಾಗ ಗಡಿ ಹನಿಯ ಹಿಂದೆ ಕೊರಳಿನಂತೆ ಉದ್ದವಾಗಿ, ಸಣ್ಣಗಾಗಿ, ಕಡಿದುಹೋಗುತ್ತದೆ. ಜೊತೆಗೆ ಬಂದ ಎಣ್ಣೆ ಹನಿಯ ಮೈಗೆ ಉಳಿಯುತ್ತದೆ. ವೇಗಕ್ಕೂ ಎಳೆತಕ್ಕೂ ನಡುವಿನ ಈ ಜಗ್ಗಾಟವನ್ನು ಅಳೆಯುವುದೇ ವೆಬರ್ ಸಂಖ್ಯೆ.

ಆದರೆ ವೇಗ ಕೊಡುವುದು ಪ್ರವೇಶ ಮಾತ್ರ. ಪದರ ಬಾಳುವುದು ದ್ರವಗಳ ಆಯ್ಕೆಯಿಂದ. ನಮ್ಮ ಪಾಕ, ನೀರು ಒಂದರಲ್ಲೊಂದು ಬೆರೆಯುವಂಥವು. ಹಾಗಾಗಿ ನಡುವಿನ ಎಣ್ಣೆ ಒಂದು ಕಡೆ ಹರಿದರೂ ಆಟ ಮುಗಿಯಿತು.

ಹನಿ ಸಣ್ಣದಾದಷ್ಟೂ ಕೆಲಸ ಕಷ್ಟ. ಹನಿಯ ವ್ಯಾಸ ನೂರನೇ ಒಂದು ಭಾಗಕ್ಕೆ ಇಳಿದರೆ, ಅದೇ ವೆಬರ್ ಸಂಖ್ಯೆಗೆ ಹತ್ತು ಪಟ್ಟು ವೇಗ ಬೇಕು. ಸುಮ್ನೆ ಬೀಳಿಸಿದರೆ ಆಗದು. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಸಾಲು ಹನಿಗಳು ಗಾಳಿಯಲ್ಲೇ ಇನ್ನೊಂದು ದ್ರವದ ಧಾರೆಗೆ ಡಿಕ್ಕಿ ಹೊಡೆಯುತ್ತವೆ. ಒಂದು ದ್ರವಕ್ಕೆ ಎಥನಾಲ್ ಬೆರೆಸಿ ಅದರ ಮೇಲ್ಮೈ ಎಳೆತ ತಗ್ಗಿಸಿರುತ್ತಾರೆ. ಎಳೆತ ಕಡಿಮೆ ಇರುವ ಆ ದ್ರವ ತಾನಾಗಿಯೇ ಇನ್ನೊಂದರ ಮೇಲೆ ಹರಡಿ ಸುತ್ತಿಕೊಳ್ಳುತ್ತದೆ.