ಎಲ್‌ಒಆರ್ ತಡವಾದಾಗ ನಾನು ಕೇಳಿದ ರೀತಿ

2023ರ ಡಿಸೆಂಬರ್ 6ರ ರಾತ್ರಿ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಅಮೆರಿಕದ ಐದು ಯೂನಿವರ್ಸಿಟಿಗೆ ಎಂಎಸ್ (ಸ್ನಾತಕೋತ್ತರ ಪದವಿ) ಅರ್ಜಿ. ಒಂದೊಂದಕ್ಕೂ ಮೂರು ಶಿಫಾರಸು ಪತ್ರ, ನಾವೆಲ್ಲ ಎಲ್‌ಒಆರ್ ಅನ್ನುತ್ತೇವಲ್ಲ, ಅದು. ಒಟ್ಟು 15. ಬಂದಿದ್ದು 9. ಐದಕ್ಕೂ ಕೊನೆಯ ದಿನ ಡಿಸೆಂಬರ್ 15.

ಆಫೀಸಿನ ಮ್ಯಾನೇಜರ್ ಐದೂ ಕಳಿಸಿದ್ದರು. ಹಾಸನದಲ್ಲಿ ನಾನು ಬಿಇ ಓದಿದ ಕಾಲೇಜಿನ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥೆ ಮೇಡಂ ನಾಲ್ಕು ಕಳಿಸಿದ್ದರು. ಪ್ರಾಜೆಕ್ಟ್ ಗೈಡ್ ಆಗಿದ್ದ ಸರ್ ಅವರಿಂದ ಒಂದೂ ಬಂದಿರಲಿಲ್ಲ. ನನ್ನ ಕೆಲಸವನ್ನು ಒಂದು ವರ್ಷ ಪಕ್ಕದಲ್ಲೇ ನಿಂತು ನೋಡಿದವರು ಅವರೊಬ್ಬರೇ. ಮಿಕ್ಕ ಇಬ್ಬರು ಎಷ್ಟೇ ಒಳ್ಳೆಯದು ಬರೆದರೂ ಇವರು ಬರೆಯುವುದನ್ನು ಅವರು ಬರೆಯಲು ಆಗುವುದಿಲ್ಲ.

ಅದಕ್ಕೂ ಒಂದು ವಾರ ಮೊದಲು ಅವರಿಗೆ ವಾಟ್ಸಾಪ್ ಮಾಡಿದ್ದೆ. ‘ಸರ್, ಎನಿ ಅಪ್‌ಡೇಟ್?’ ಅಷ್ಟೇ. ‘ಮಾಡ್ತೀನಮ್ಮ’ ಅಂತ ಉತ್ತರ ಬಂತು. ಆಮೇಲೆ ಏನೂ ಇಲ್ಲ. ಗುರುಗಳನ್ನು ಎರಡನೇ ಸಲ ಕೇಳುವುದು ನಮ್ಮ ಕಡೆಯವರಿಗೆ ಕಷ್ಟ. ಸಾಲ ಕೊಟ್ಟವರ ಹಾಗೆ ಬೆನ್ನು ಹತ್ತಿದಂತೆ ಆಗುತ್ತದೇನೋ ಅನ್ನೋ ಸಂಕೋಚ. ಅದರಲ್ಲೇ ನಾನು ಏಳು ದಿನ ಕಳೆದೆ.

ಆ ರಾತ್ರಿ ಸರ್ ಜಾಗದಲ್ಲಿ ಕೂತು ಯೋಚಿಸಿದೆ. ಯೂನಿವರ್ಸಿಟಿಗಳ ಅರ್ಜಿ ವೆಬ್‌ಸೈಟ್‌ನಲ್ಲಿ, ಅಂದರೆ ಪೋರ್ಟಲ್‌ನಲ್ಲಿ, ಶಿಫಾರಸು ಮಾಡುವವರ ಹೆಸರು, ಇಮೇಲ್ ಹಾಕಿದರೆ ಪತ್ರ ಹಾಕುವ ಲಿಂಕ್ ಅವರಿಗೆ ಮೇಲ್‌ನಲ್ಲಿ ಹೋಗುತ್ತದೆ. ನಾನು ಸರ್ ಹೆಸರು ಹಾಕಿದ್ದು ನವೆಂಬರ್ ಮೊದಲ ವಾರ. ಹಾಸನಾಂಬೆ ಗುಡಿ ಬಾಗಿಲು ತೆಗೆದಿದ್ದ ದಿನಗಳು. ವರ್ಷಕ್ಕೆ ಒಂದೇ ಸಲ, ದೀಪಾವಳಿ ಆಸುಪಾಸಿನಲ್ಲಿ ತೆಗೆಯುವ ಬಾಗಿಲು ಅದು. ಆಗ ಹಾಸನದ ಪ್ರತಿ ಮನೆಯಲ್ಲೂ ನೆಂಟರು, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಆ ವಾರ ಅವರ ಇನ್‌ಬಾಕ್ಸ್‌ಗೆ ಐದು ಬೇರೆ ಬೇರೆ ಮೇಲ್ ಹೋಗಿವೆ. ಒಂದರಲ್ಲೂ ಕಳಿಸಿದವರ ಜಾಗದಲ್ಲಿ ನನ್ನ ಹೆಸರಿಲ್ಲ, ಯಾವುದೋ ಸಿಸ್ಟಮ್ಮಿನ ವಿಳಾಸ.

ಇನ್ನೊಂದು ವಿಷಯ ಹೊಳೆದಿದ್ದೂ ಆಗಲೇ. ಕಾಲೇಜಿನಲ್ಲಿ ನಾನು ಎರಡು ಇನಿಷಿಯಲ್ ಮತ್ತು ಒಂದು ಹೆಸರಿನ ಹುಡುಗಿ. ಪಾಸ್‌ಪೋರ್ಟ್‌ನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಂದಿವೆ. ಮೇಲ್‌ನಲ್ಲಿ ‘ನಿಮ್ಮ ವಿದ್ಯಾರ್ಥಿ’ ಅಂತ ಹಾಕಿದ ಹೆಸರು ಅಪ್ಪನದು! ಯಾರಿದು ಅಂತ ಸರ್‌ಗೆ ಹೇಗೆ ತಿಳಿಯಬೇಕು? ನಮ್ಮಲ್ಲಿ ಇದು ಎಷ್ಟೋ ಮಕ್ಕಳಿಗೆ ಆಗುತ್ತದೆ. ದಯವಿಟ್ಟು ಮೊದಲೇ ಹೇಳಿಡಿ.

ಮರುದಿನ ಬೆಳಿಗ್ಗೆ ಏಳೂವರೆಗೆ, ಅವರು ಮನೆ ಬಿಡುವ ಮೊದಲು ನೋಡಲಿ ಅಂತ, ಹೀಗೆ ಬರೆದೆ:

‘ಸರ್, ನಮಸ್ಕಾರ. ಕಾಲೇಜು ಕೆಲಸದ ನಡುವೆ ನನಗಾಗಿ ಪತ್ರ ಬರೆಯಲು ಒಪ್ಪಿದ್ದಕ್ಕೆ ತುಂಬಾ ಥ್ಯಾಂಕ್ಸ್. ಐದು ಯೂನಿವರ್ಸಿಟಿಗೂ ಕೊನೆಯ ದಿನ ಡಿಸೆಂಬರ್ 15, ಶುಕ್ರವಾರ. ಮೇಲ್‌ಗಳಲ್ಲಿ ನನ್ನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ, ಅಪ್ಪನ ಹೆಸರಿನ ಜೊತೆ ಬಂದಿರುತ್ತದೆ. ಮೇಲ್‌ಗಳು ಸ್ಪ್ಯಾಮ್‌ಗೆ ಹೋಗಿರಬಹುದು, ಅದಕ್ಕೆ ಇವತ್ತು ಬೆಳಿಗ್ಗೆ ಐದನ್ನೂ ಮತ್ತೆ ಕಳಿಸಿದ್ದೇನೆ. ಎಲ್ಲಾದರೂ ಲಿಂಕ್ ಕೆಲಸ ಮಾಡದಿದ್ದರೆ ತಿಳಿಸಿ, ನಾನು ಸರಿಪಡಿಸಿಕೊಡುತ್ತೇನೆ. ಈ ಸಲ ಬಿಡುವಾಗದಿದ್ದರೂ ಸಂಕೋಚವಿಲ್ಲದೆ ಹೇಳಿ ಸರ್.’

ಕೊನೆಯ ಸಾಲು ಬರೆಯಲು ನನಗೆ ಭಯವಾಯಿತು. ಆಗಲ್ಲ ಅಂದುಬಿಟ್ಟರೆ? ಆದರೆ ಆಗಲ್ಲ ಅನ್ನುವುದು 7ನೇ ತಾರೀಖು ಗೊತ್ತಾದರೆ ಬೇರೆಯವರನ್ನು ಕೇಳಬಹುದು, 14ಕ್ಕೆ ಗೊತ್ತಾದರೆ ಏನೂ ಮಾಡುವ ಹಾಗಿಲ್ಲ. ಇನ್ನೊಂದು, ‘ಜೆಂಟಲ್ ರಿಮೈಂಡರ್’ ಅನ್ನೋ ಮಾತು ಬೇಕೆಂದೇ ಬಿಟ್ಟೆ. ಅದು ಆಫೀಸಿನಲ್ಲಿ ಬಿಲ್ ಬಾಕಿ ಇದ್ದವರಿಗೆ ಕಳಿಸುವ ಮಾತಿನ ಹಾಗೆ ಕೇಳಿಸುತ್ತದೆ. ಮೇಲ್ ಮತ್ತೆ ಕಳಿಸಲು ಪೋರ್ಟಲ್‌ನಲ್ಲೇ ಒಂದು ಬಟನ್ ಇರುತ್ತದೆ. ಆದರೆ ಅದೊಂದನ್ನೇ ದಿನಾ ಒತ್ತುವುದು ತಪ್ಪು. ಅವರಿಗೆ ಹೋಗುವುದು ಯಂತ್ರದ ಇಂಗ್ಲಿಷ್, ನಿಮ್ಮ ದನಿ ಅದರಲ್ಲಿ ಇರುವುದಿಲ್ಲ.

ಮೇಡಂ ಕಥೆ ಅವತ್ತೇ ಮುಗಿಯಿತು. ಫೋನ್ ಮಾಡಿದಾಗ ‘ಎಲ್ಲಾ ಕಳಿಸಿದ್ದೀನಲ್ಲಮ್ಮ’ ಅಂದರು. ಅವರ ಮಾತನ್ನು ಎದುರಾಡಲಿಲ್ಲ. ‘ಹೌದು ಮೇಡಂ, ನಾಲ್ಕು ಬಂದಿವೆ. ಐದನೆಯದರ ಮೇಲ್ ನಿಮಗೆ ತಲುಪೇ ಇಲ್ಲವೇನೋ, ಈಗ ಮತ್ತೆ ಕಳಿಸಿದ್ದೀನಿ’ ಅಂದೆ. ಹತ್ತು ನಿಮಿಷದಲ್ಲಿ ಸ್ಪ್ಯಾಮ್‌ನಲ್ಲಿ ಸಿಕ್ಕಿತು.

ಸರ್‌ಗೆ ಕಳಿಸಿದ ಮೆಸೇಜಿಗೆ ಮಾತ್ರ ಒಂದೇ ಟಿಕ್. ಮಧ್ಯಾಹ್ನಕ್ಕೂ ಒಂದೇ, ರಾತ್ರಿಗೂ ಒಂದೇ. ಮೊದಲು ಮನಸ್ಸಿಗೆ ಬಂದಿದ್ದು ಕೆಟ್ಟ ಯೋಚನೆಯೇ. ಆಮೇಲೆ ನೆನಪಾಯಿತು, ಅವರ ಮನೆಯವರದು ಸಕಲೇಶಪುರದ ಆಚೆ ಕಾಫಿ ತೋಟ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಹಣ್ಣು ಕಿತ್ತ ದಿನವೇ ಪಲ್ಪಿಂಗ್, ಅಂದರೆ ಸಿಪ್ಪೆ ಬಿಡಿಸುವ ಕೆಲಸ, ಆಗಬೇಕು, ಇಟ್ಟರೆ ಹುಳಿ ಬಂದು ಬೀಜ ಹಾಳಾಗುತ್ತದೆ. ಸಂಜೆ ಆಳುಗಳ ಹಣ್ಣು ತೂಗಿ, ಮಿಷನ್‌ಗೆ ಹಾಕಿ ಮುಗಿಸುವಷ್ಟರಲ್ಲಿ ರಾತ್ರಿ ಆಗಿರುತ್ತದೆ. ಅಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಶುಕ್ರವಾರ ಲ್ಯಾಬ್ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ, ಸರ್ ಯಾವಾಗ ಸಿಗುತ್ತಾರೆ ಅಂತ ಮಾತ್ರ ಕೇಳಿದೆ. ‘ಕೊಯ್ಲಿಗೆ ರಜೆ ಹಾಕಿದ್ದಾರೆ, ಸೋಮವಾರ ಬರ್ತಾರೆ’ ಅಂದರು. ಅವರು ಬರೆದಿಲ್ಲ, ನೀವು ಸ್ವಲ್ಪ ಹೇಳಿ ಅಂತೆಲ್ಲ ನಾನು ಹೇಳಲಿಲ್ಲ. ಒಬ್ಬರ ತಡವನ್ನು ಅವರ ಜೊತೆ ಕೆಲಸ ಮಾಡುವವರ ಮುಂದೆ ಇಡಬಾರದು.

ತೋಟಕ್ಕೇ ಹೋಗಿ ಬಾ ಅಂತ ಅಪ್ಪ ಅಂದರು. ನನಗೆ ಸರಿ ಅನಿಸಲಿಲ್ಲ. ಕೊಯ್ಲಿನ ಮನೆಗೆ ಹೇಳದೆ ಕೇಳದೆ ಹೋಗಿ ನಿಂತರೆ ಅವರು ಬೇಡ ಅನ್ನಲಾರರು, ಅದು ಕೇಳಿದ ಹಾಗಲ್ಲ, ಕಟ್ಟಿಹಾಕಿದ ಹಾಗೆ.

ಶನಿವಾರ ಬೆಂಗಳೂರಿನಿಂದ ಹಾಸನಕ್ಕೆ ಬಂದೆ. ಭಾನುವಾರ ಕೂತು ಎರಡು ಕೆಲಸ ಮಾಡಿದೆ. ಒಂದು, ಐದೂ ಅರ್ಜಿಯಲ್ಲಿ ನನ್ನ ಪಾಲಿನದನ್ನು ತುಂಬಿ, ಫೀಸ್ ಕಟ್ಟಿ ಸಬ್ಮಿಟ್ ಮಾಡಿದೆ. ಪತ್ರಗಳು ಬಂದ ಮೇಲೆ ಸಬ್ಮಿಟ್ ಮಾಡಬೇಕು ಅಂತ ಎಷ್ಟೋ ಜನ ಕಾಯುತ್ತಾರೆ. ಸಾಮಾನ್ಯವಾಗಿ ಅದು ಬೇಕಿಲ್ಲ, ಪತ್ರ ಆಮೇಲೂ ಬಂದು ಸೇರುತ್ತದೆ. ಕೆಲವು ಪೋರ್ಟಲ್‌ಗಳಲ್ಲಂತೂ ನಾವು ಸಬ್ಮಿಟ್ ಮಾಡಿದ ಮೇಲೇ ಶಿಫಾರಸು ಮಾಡುವವರಿಗೆ ಮೇಲ್ ಹೋಗುವುದು. ನಿಮ್ಮ ಪೋರ್ಟಲ್ ಯಾವ ತರಹದ್ದು ಅಂತ ಮೊದಲ ದಿನವೇ ಓದಿಕೊಳ್ಳಿ.

ಎರಡನೆಯದು, ಒಂದೇ ಒಂದು ಹಾಳೆ. ಮೇಲೆ ನನ್ನ ಎರಡೂ ಹೆಸರು, ಯುಎಸ್‌ಎನ್ (ಯೂನಿವರ್ಸಿಟಿಯ ವಿದ್ಯಾರ್ಥಿ ಸಂಖ್ಯೆ), ಪಾಸಾದ ವರ್ಷ, ಪ್ರಾಜೆಕ್ಟಿನ ಹೆಸರು. ಕೆಳಗೆ ಐದು ಯೂನಿವರ್ಸಿಟಿ, ಒಂದೊಂದರ ಮುಂದೆ ಮೇಲ್ ಯಾವ ವಿಳಾಸದಿಂದ ಬಂದಿದೆ, ಯಾವ ತಾರೀಖಿನಲ್ಲಿ ಬಂದಿದೆ. ಕಟ್ಟುನಿಟ್ಟಾದವು ಮೊದಲು. ಅದಕ್ಕೂ ಮೊದಲು ಎರಡು ಡಿಪಾರ್ಟ್‌ಮೆಂಟ್‌ಗಳಿಗೆ ಮೇಲ್ ಬರೆದು ಕೇಳಿದ್ದೆ. ಅರ್ಜಿ ಸಮಯಕ್ಕೆ ಬಂದಿದ್ದರೆ ಪತ್ರ ಕೆಲವು ದಿನ ತಡವಾದರೂ ಸರಿ ಅಂತ ಒಂದು ಕಡೆಯಿಂದ ಉತ್ತರ ಬಂತು. ಇನ್ನೊಂದು ಕಡೆ ಪತ್ರಕ್ಕೂ ಅದೇ ಕೊನೆಯ ದಿನ. ಹಾಗಾಗಿ ಆ ಸಡಿಲವಾದದ್ದನ್ನು ಪಟ್ಟಿಯ ಕೊನೆಗೆ ಇಟ್ಟೆ. ಹಾಳೆಯ ಹಿಂಬದಿ ಪ್ರಾಜೆಕ್ಟಿನಲ್ಲಿ ನಾನು ಏನು ಮಾಡಿದೆ, ಎಲ್ಲಿ ಸೋತೆ, ಹೇಗೆ ಸರಿ ಮಾಡಿದೆ ಅನ್ನೋದು ಆರು ಸಾಲು.

ಸೋಮವಾರ ಒಂಬತ್ತಕ್ಕೆ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತೆ. ‘ಸರ್, ಹತ್ತು ನಿಮಿಷ ಈಗ ಕೊಡಬಹುದಾ, ಇಲ್ಲ ಮಧ್ಯಾಹ್ನ ಬರಲಾ?’ ಒಳಗೆ ಕರೆದರು. ಹಾಳೆ ಕೈಗೆ ಕೊಟ್ಟು, ‘ಪತ್ರ ಆಯ್ತಾ’ ಅಂತ ಕೇಳಲು ಬಾಯಿ ತೆರೆದವಳು ತಡೆದುಕೊಂಡೆ. ‘ಎಲ್ಲಾದರೂ ತೊಂದರೆ ಆಗ್ತಿದೆಯಾ ಸರ್?’ ಅಂದೆ.

ಆಗ ಅವರು ಲ್ಯಾಪ್‌ಟಾಪ್ ತೆಗೆದು ಒಂದು ಫೈಲ್ ಹೆಸರು ತೋರಿಸಿದರು. ಪತ್ರ ನವೆಂಬರ್ 20ಕ್ಕೇ ಬರೆದು ಮುಗಿದಿತ್ತು.

ನಿಂತಿದ್ದು ಅದರಾಚೆಗಿನ ಕೆಲಸ. ಪತ್ರ ಕೇಳುವ ಮೊದಲು ಫಾರ್ಮ್ ಒಂದು ಪಟ್ಟಿ ಮುಂದಿಡುತ್ತದೆ. ಈ ವಿದ್ಯಾರ್ಥಿ ಮೇಲಿನ 5 ಪರ್ಸೆಂಟ್‌ನಲ್ಲಿ ಇದ್ದಾಳಾ, 10ರಲ್ಲಾ, 25ರಲ್ಲಾ? ಎಷ್ಟು ಜನರ ಜೊತೆ ಹೋಲಿಸುತ್ತಿದ್ದೀರಿ? ಒಂದು ಪೋರ್ಟಲ್‌ನಲ್ಲಿ ಅಲ್ಲಿಗೇ ನಿಲ್ಲಿಸಿದ್ದರು. ಇನ್ನೆರಡು ಕಡೆ ಕಾಲೇಜಿನ ಅಧಿಕೃತ ಇಮೇಲೇ ಬೇಕು ಅಂತಿತ್ತು, ನಾನು ಕೊಟ್ಟಿದ್ದು ಅವರ ಜಿಮೇಲ್. ಕಾಲೇಜಿನ ಮೇಲ್ ಪಾಸ್‌ವರ್ಡ್ ಮರೆತುಹೋಗಿತ್ತು. ಇದೆಲ್ಲ ಹಳೇ ವಿದ್ಯಾರ್ಥಿನಿಗೆ ಹೇಳುವುದು ಹೇಗೆ ಅಂತ ಅವರಿಗೂ ಸಂಕೋಚ. ನಾನು ಇತ್ತ ಸಂಕೋಚ, ಅವರು ಅತ್ತ ಸಂಕೋಚ. ಹೀಗೇ ಮೂರು ವಾರ ಹೋಗಿತ್ತು.

‘ನೀನೇ ಕೂತು ಅಪ್‌ಲೋಡ್ ಮಾಡಿಬಿಡಮ್ಮ’ ಅಂತ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಪ್ರೀತಿಯಿಂದಲೇ. ನಾನು ಬೇಡ ಅಂದೆ. ಅಮೆರಿಕದಲ್ಲಿ 1974ರ ಒಂದು ಕಾನೂನು ಇದೆ, ಫೆರ್ಪಾ ಅಂತ. ಅದರ ಪ್ರಕಾರ ಸೇರಿದ ಮೇಲೆ ವಿದ್ಯಾರ್ಥಿ ತನ್ನ ದಾಖಲೆಗಳನ್ನು, ಈ ಪತ್ರವನ್ನೂ ಸೇರಿಸಿ, ನೋಡಬಹುದು. ಆ ಹಕ್ಕು ಬೇಡ ಅಂತ ಬಿಟ್ಟುಕೊಡುವ ಒಂದು ಟಿಕ್ ಅರ್ಜಿಯಲ್ಲಿ ಇರುತ್ತದೆ. ನಾನು ಬಿಟ್ಟುಕೊಟ್ಟಿದ್ದೆ, ಪತ್ರ ಮುಕ್ತವಾಗಿ ಬರೆಯಲಿ ಅಂತ. ಹಾಗೆ ಬಿಟ್ಟುಕೊಟ್ಟ ಮೇಲೆ ಕೂತು ಪತ್ರ ನೋಡಿದರೆ ಅದು ಸುಳ್ಳಾಗುತ್ತಿತ್ತು. ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅನ್ನುವವರಿಗೂ ಇದೇ ಉತ್ತರ. ಅಂಶಗಳನ್ನು ಕೊಡಿ, ಪತ್ರ ಅವರದೇ ಇರಲಿ.

ನಾನು ಮೇಜಿನ ಈಚೆ, ಅವರು ಆಚೆ. ಸ್ಕ್ರೀನ್ ಅವರ ಕಡೆ. ಏನು ಕಾಣ್ತಿದೆ ಅಂತ ಅವರು ಓದುತ್ತಿದ್ದರು, ಎಲ್ಲಿ ಒತ್ತಬೇಕು ಅಂತ ನಾನು ಹೇಳುತ್ತಿದ್ದೆ. ಪರ್ಸೆಂಟ್ ಪಟ್ಟಿ ಬಂದಾಗ ಕಿಟಕಿ ಕಡೆ ತಿರುಗಿ ಕೂತೆ. ಅವರ ಬೆರಳ ತುದಿಗಳಲ್ಲಿ ಕಾಫಿ ಹಣ್ಣಿನ ಕಪ್ಪು ಕರೆ ಇನ್ನೂ ಹೋಗಿರಲಿಲ್ಲ. ಮೂರು ಅಪ್‌ಲೋಡ್ ಆಗುವಷ್ಟರಲ್ಲಿ ಬೆಲ್ ಹೊಡೆಯಿತು, ಅವರು ಕ್ಲಾಸಿಗೆ ಹೋದರು. ಮಿಕ್ಕ ಎರಡಕ್ಕೆ ಕಾಲೇಜಿನ ಮೇಲ್ ಬೇಕಿತ್ತು. ಪಾಸ್‌ವರ್ಡ್ ಬದಲಿಸುವವರು ಯಾರು ಅಂತ ಕೇಳಿಕೊಂಡು ಹೋಗಿ, ಅವರು ಸರ್ ಹತ್ತಿರ ಬರುವ ಹಾಗೆ ಮಾಡಿ ಹೊರಟೆ.

ಆಮೇಲೆ ಕಾಯುವುದೇ. ಮಂಗಳವಾರ ಒಂದು ಮೆಸೇಜ್: ಮೂರು ತಲುಪಿವೆ, ಥ್ಯಾಂಕ್ಸ್, ಉಳಿದವು ಇವೆರಡು. ಗುರುವಾರ ಒಂದು ಬಂತು. ಶುಕ್ರವಾರ ಏನೂ ಇಲ್ಲ. ಇಲ್ಲಿ ಗಡಿಯಾರದ ಲೆಕ್ಕ ಗೊತ್ತಿರಬೇಕು. ಅಲ್ಲಿನ ಪೂರ್ವ ಭಾಗದ ಸಮಯದಲ್ಲಿ 15ರ ರಾತ್ರಿ 11:59 ಅಂದರೆ ಚಳಿಗಾಲದಲ್ಲಿ ನಮಗೆ 16ರ ಬೆಳಿಗ್ಗೆ 10:29. ಪಶ್ಚಿಮದ ಸಮಯವಾದರೆ ಮಧ್ಯಾಹ್ನ 1:29. ಆದರೆ ಈ ಲೆಕ್ಕ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ, ಅವರಿಗೆ ಹೇಳಿದ್ದು 15 ಅಂತಲೇ. ಶನಿವಾರ ಬೆಳಿಗ್ಗೆ ಏಳಕ್ಕೆ ಮೊದಲ ಸಲ ನೇರವಾಗಿ ಫೋನ್ ಮಾಡಿದೆ. ‘ಸರ್, ಇನ್ನೂ ಮೂರು ಗಂಟೆ ಇದೆ, ಒಂದೇ ಬಾಕಿ.’ ತೋಟಕ್ಕೆ ಹೊರಟು ನಿಂತಿದ್ದರು. ಬ್ಯಾಗ್ ಕೆಳಗಿಟ್ಟು ಮುಗಿಸಿಯೇ ಹೋಗ್ತೀನಿ ಅಂದರು. ಒಂಬತ್ತು ಗಂಟೆಗೆ ಐದನೆಯದೂ ಬಂತು.

ಈ ನಡುವೆ ಇನ್ನೊಬ್ಬ ಸರ್ ಹತ್ತಿರವೂ ಕೇಳಿಟ್ಟುಕೊಂಡಿದ್ದೆ. ಒಬ್ಬರದು ಬರುವುದು ಅನುಮಾನ, ಅಗತ್ಯ ಬಿದ್ದರೆ ನೀವು ಬರೆಯುತ್ತೀರಾ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಅಗತ್ಯ ಬೀಳಲಿಲ್ಲ. ಅವರಿಗೂ ಅದೇ ದಿನ ಫೋನ್ ಮಾಡಿ ತಿಳಿಸಿದೆ.

ಮಾರ್ಚ್‌ನಲ್ಲಿ ಮೊದಲ ಅಡ್ಮಿಟ್, ಅಂದರೆ ಸೀಟು ಸಿಕ್ಕ ಸುದ್ದಿ, ಬಂದಾಗ ಗೈಡ್ ಸರ್‌ಗೆ ಫೋನ್ ಮಾಡಿದೆ. ತೋಟದಲ್ಲಿದ್ದರು, ಲೈನ್ ಎರಡು ಸಲ ಕಟ್ಟಾಯಿತು. ಮೂರನೇ ಸಲ ಸುದ್ದಿ ಕೇಳಿ ಖುಷಿಪಟ್ಟರು. ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಸರ್ ಅಂತ ಕೇಳಿದೆ, ಇನ್ನೂ ಕಾಯ್ತಿದ್ದೀವಿ ಅಂದರು. ಆಮೇಲೆ, ‘ಅವತ್ತು ಕೊಟ್ಟೆಯಲ್ಲ ಒಂದು ಹಾಳೆ, ಅದರಲ್ಲಿ ನಿನ್ನ ಹೆಸರು ತೆಗೆದು ಖಾಲಿದು ಒಂದು ಕಳಿಸು, ಈ ವರ್ಷದ ಹುಡುಗರಿಗೆ ಕೊಡ್ತೀನಿ’ ಅಂದರು. ಅವತ್ತು ರಾತ್ರಿಯೇ ಕಳಿಸಿದೆ, ಅವರ ಕಾಲೇಜಿನ ಮೇಲ್‌ಗೆ.