ಪಿಕಪ್ ಇರುವ ಮ್ಯಾಂಡೊಲಿನ್‌ಗೆ ವೇದಿಕೆಯಲ್ಲಿ ಒಳ್ಳೆಯ ಧ್ವನಿ ಪಡೆಯುವ ಬಗೆ

ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಕಡೆಯ ಭಜನಾ ಮಂದಿರದಲ್ಲಾಗಲಿ, ದೇವಸ್ಥಾನದ ನವರಾತ್ರಿ ವೇದಿಕೆಯಲ್ಲಾಗಲಿ ಹಾರ್ಮೋನಿಯಂ, ತಬಲ, ತಾಳಗಳ ನಡುವೆ ಮ್ಯಾಂಡೊಲಿನ್ ಕೇಳಿಸಬೇಕಾದರೆ ಧ್ವನಿವರ್ಧಕದ ಆಸರೆ ಬೇಕೇ ಬೇಕು. ಮೈಕ್ ಮುಂದಿಟ್ಟು ನುಡಿಸಿದರೆ ನಾದ ಸಹಜವಾಗಿರುತ್ತದೆ, ಆದರೆ ಅದೇ ಮೈಕ್ ಪಕ್ಕದ ತಬಲವನ್ನೂ ಹಿಡಿಯುತ್ತದೆ, ವಾದ್ಯ ಸ್ವಲ್ಪ ಸರಿದರೂ ಧ್ವನಿ ಏರಿಳಿಯುತ್ತದೆ. ಆದ್ದರಿಂದಲೇ ವಾದ್ಯದ ಕಂಪನವನ್ನು ನೇರವಾಗಿ ವಿದ್ಯುತ್ ಸಂಕೇತವಾಗಿಸುವ ಪಿಕಪ್ ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಂಡ ಮೇಲೂ ಅನೇಕರಿಗೆ ದೊರೆಯುವುದು ತಗಡು ಬಡಿದಂತಹ ತೆಳು ಧ್ವನಿ. ಆಗ ಪಿಕಪ್ಪನ್ನೋ ವಾದ್ಯವನ್ನೋ ದೂರುವ ಮೊದಲು, ಪಿಕಪ್ಪಿಗೂ, ಎಲ್ಲ ಧ್ವನಿಗಳನ್ನು ಬೆರೆಸಿ ಹೊಂದಿಸುವ ಮಿಕ್ಸರಿಗೂ ನಡುವೆ ಏನಿದೆ ಎಂಬುದನ್ನು ನೋಡಬೇಕು. ಕೊರತೆ ಬಹುಪಾಲು ಅಲ್ಲಿಯೇ ಇರುತ್ತದೆ, ಮತ್ತು ಮಿಕ್ಸರಿನ ಬಾಸ್, ಟ್ರೆಬಲ್ ಗುಂಡಿಗಳಿಂದ ಅದನ್ನು ತುಂಬಿಕೊಡಲು ಸಾಧ್ಯವಿಲ್ಲ.

ಮೊದಲು ತಮ್ಮ ವಾದ್ಯದಲ್ಲಿರುವ ಪಿಕಪ್ ಯಾವ ಜಾತಿಯದೆಂದು ತಿಳಿದುಕೊಳ್ಳಬೇಕು. ಫ್ರೆಟ್ಟುಗಳ ಕೊನೆಗೂ, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಗೂ ನಡುವೆ, ತಂತಿಗಳ ಕೆಳಗೆ ಕೂರಿಸಿರುವುದು ಮ್ಯಾಗ್ನೆಟಿಕ್ ಪಿಕಪ್. ಅದು ಉಕ್ಕಿನ ತಂತಿಯ ಚಲನೆಯನ್ನು ಗ್ರಹಿಸುತ್ತದೆ, ಮರದ ನಾದವನ್ನು ಅಷ್ಟಾಗಿ ಗ್ರಹಿಸುವುದಿಲ್ಲ. ಕುದುರೆಯೊಳಗೆ ಅಡಗಿಸಿರುವುದು ಅಥವಾ ಮೇಲ್ಹಲಗೆಯ ಒಳಬದಿಗೆ ಅಂಟಿಸಿದ ಸಣ್ಣ ಬಿಲ್ಲೆ ಪೀಜೋ ಪಿಕಪ್. ಅದು ಕಂಪನದ ಒತ್ತಡವನ್ನೇ ವಿದ್ಯುತ್ತಾಗಿ ಬದಲಿಸುತ್ತದೆ. ಅಕೌಸ್ಟಿಕ್ ಮ್ಯಾಂಡೊಲಿನ್‌ಗಳಲ್ಲಿ ಪೀಜೋ ಪಿಕಪ್ಪೇ ಹೆಚ್ಚಾಗಿ ಕಾಣುವುದರಿಂದ ಮುಂದಿನ ಮಾತು ಮುಖ್ಯವಾಗಿ ಅದಕ್ಕೆ ಸಂಬಂಧಿಸಿದ್ದು.

ಪೀಜೋ ತುಣುಕು ವಿದ್ಯುತ್ತಿನ ದೃಷ್ಟಿಯಿಂದ ಒಂದು ಚಿಕ್ಕ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಬಿಡಿಭಾಗ. ಅದನ್ನು ಯಾವ ಇನ್‌ಪುಟ್ಟಿಗೆ ಜೋಡಿಸುತ್ತೇವೆಯೋ ಅದರ ಇಂಪೀಡೆನ್ಸ್ (ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ) ಕಡಿಮೆಯಾದಷ್ಟೂ ಮಂದ್ರದ ಭಾಗ ಸೋರಿಹೋಗುತ್ತದೆ. ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ದೊಡ್ಡ ನಷ್ಟವೆಂಬುದು ಮನವರಿಕೆಯಾಗುತ್ತದೆ. ಪಿಕಪ್ಪಿನ ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳೋಣ. ಅದನ್ನು 10 ಕಿಲೋ ಓಮ್‌ನ ಲೈನ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚಿದರೆ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕ್ರಮೇಣ ಕುಗ್ಗತೊಡಗುತ್ತದೆ, ಅಂದರೆ ವಾದ್ಯದ ಸ್ವರಗಳೆಲ್ಲವೂ ಆ ಕುಗ್ಗುವ ಭಾಗದಲ್ಲಿಯೇ ಬೀಳುತ್ತವೆ. 1 ಮೆಗಾ ಓಮ್ ಇದ್ದರೆ ಈ ಗಡಿ ಸುಮಾರು 160 ಹರ್ಟ್ಸ್‌ಗೆ ಇಳಿಯುತ್ತದೆ. 10 ಮೆಗಾ ಓಮ್ ಇದ್ದರೆ 16 ಹರ್ಟ್ಸ್‌ಗೆ. ಪಾಶ್ಚಾತ್ಯ ಕ್ರಮದಲ್ಲಿ ಶ್ರುತಿ ಮಾಡಿದ ಮ್ಯಾಂಡೊಲಿನ್‌ನ ಅತ್ಯಂತ ದಪ್ಪ ತಂತಿಯ ಸ್ವರ 196 ಹರ್ಟ್ಸ್ ಆಗಿರುವುದರಿಂದ 1 ಮೆಗಾ ಓಮ್ ಎಂಬುದು ಕನಿಷ್ಠ ಅಗತ್ಯ, ಅದಕ್ಕಿಂತ ಹೆಚ್ಚಿದ್ದಷ್ಟೂ ಒಳ್ಳೆಯದು. ದೊಡ್ಡ ಬಿಲ್ಲೆಗಳ ಕೆಪಾಸಿಟೆನ್ಸ್ ಹೆಚ್ಚಿರುವುದರಿಂದ ಅವು ಇಷ್ಟು ಕಟ್ಟುನಿಟ್ಟು ಕೇಳುವುದಿಲ್ಲ, ಆದರೂ ಅವುಗಳಿಗೂ 10 ಕಿಲೋ ಓಮ್ ಸಾಲದು.

ಈ ಕಾರಣದಿಂದ ಪೀಜೋಗೆ ತಕ್ಕ ಪ್ರಿಆಂಪ್ (ಪಿಕಪ್ಪಿನ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಬಲಪಡಿಸುವ ಪುಟ್ಟ ಸಾಧನ) ಒಂದನ್ನು ತಾವೇ ಕೊಂಡು ಜೊತೆಯಲ್ಲಿ ಒಯ್ಯುವುದೇ ಸರಿಯಾದ ದಾರಿ. ಹಣ ಸೀಮಿತವಾಗಿದ್ದರೆ ದುಬಾರಿ ಪಿಕಪ್ಪಿಗಿಂತ ಒಳ್ಳೆಯ ಪ್ರಿಆಂಪಿಗೆ ಖರ್ಚು ಮಾಡುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಕೊಳ್ಳುವಾಗ ಇನ್‌ಪುಟ್ ಇಂಪೀಡೆನ್ಸ್ ಎಷ್ಟೆಂದು ಕೇಳಬೇಕು. ಲೋ ಕಟ್ (ತೀರಾ ಕೆಳಗಿನ ಧ್ವನಿಯನ್ನು ತೆಗೆಯುವುದು), ನಾಚ್ (ಒಂದೇ ಕಂಪನಾಂಕದ ಆಸುಪಾಸನ್ನು ತಗ್ಗಿಸುವುದು) ಮತ್ತು ಫೇಸ್ (ಸಂಕೇತವನ್ನು ತಿರುವು ಮಾಡುವುದು) ಸ್ವಿಚ್‌ಗಳಿವೆಯೇ ಎಂದು ನೋಡಬೇಕು. ಗದ್ದಲ ಸೇರದಂತೆ ಸಂಕೇತವನ್ನು ಒಯ್ಯುವ ಬ್ಯಾಲೆನ್ಸ್ಡ್ ಔಟ್‌ಪುಟ್ ಇದ್ದರೆ ಅಲ್ಲಿಂದ ಮೈಕ್ ಕೇಬಲ್ಲಿನಲ್ಲಿಯೇ ಮಿಕ್ಸರಿಗೆ ಎಳೆಯಬಹುದು, ಇಲ್ಲವಾದರೆ ಸಂಕೇತವನ್ನು ಹಾಗೆ ಬದಲಿಸಿಕೊಡುವ ಡಿಐ ಬಾಕ್ಸ್ ನಡುವೆ ಬೇಕು. ವಾದ್ಯದಿಂದ ಪ್ರಿಆಂಪಿನವರೆಗಿನ ಕೇಬಲ್ 3 ಮೀಟರ್ ಮೀರದಿರಲಿ, ಏಕೆಂದರೆ ಪೀಜೋ ಪಿಕಪ್ಪಿಗೆ ಕೇಬಲ್ ಉದ್ದವಾದಷ್ಟೂ ಧ್ವನಿಯ ಮಟ್ಟ ಇಳಿಯುತ್ತದೆ, ಗದ್ದಲಕ್ಕೂ ಎಡೆಯಾಗುತ್ತದೆ. 9 ವೋಲ್ಟಿನ ಹೊಸ ಬ್ಯಾಟರಿಯೊಂದು ಪೆಟ್ಟಿಗೆಯಲ್ಲಿ ಸದಾ ಇರಬೇಕು.

ವಾದ್ಯದ ಕಡೆಯೂ ಒಂದು ಎಚ್ಚರ ಬೇಕು. ಮ್ಯಾಂಡೊಲಿನ್‌ನ ಕುದುರೆ ಅಂಟಿಸಿದ್ದಲ್ಲ, ತಂತಿಗಳ ಬಿಗಿತದಿಂದ ನಿಂತಿರುವಂಥದ್ದು. ಅದರ ಪಾದ ಮೇಲ್ಹಲಗೆಯ ಬಾಗಿಗೆ ಪೂರ್ತಿ ಹೊಂದಿಕೊಳ್ಳದಿದ್ದರೆ ಒಂದು ಜೋಡಿ ತಂತಿ ಅಬ್ಬರಿಸಿ ಇನ್ನೊಂದು ಜೋಡಿ ಕೇಳಿಸದಂತಾಗುತ್ತದೆ. ಪಾದದ ಕೆಳಗೆ ತೆಳು ಕಾಗದ ತೂರುತ್ತದೆಯೇ ಎಂದು ಪರೀಕ್ಷಿಸಿ, ತೂರಿದರೆ ವಾದ್ಯ ರಿಪೇರಿ ಮಾಡುವವರ ಕೈಯಲ್ಲಿ ಸರಿಪಡಿಸಬೇಕು. ತಂತಿ ಬದಲಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಕುದುರೆ ಜಾರುತ್ತದೆ, ಒಂದೊಂದಾಗಿ ಬದಲಿಸಬೇಕು. ಅಂಟಿಸುವ ಬಿಲ್ಲೆಯಾದರೆ ಮೊದಲು ಎರಡೂ ಬದಿ ಅಂಟುವ ಟೇಪಿನಲ್ಲಿ ಕುದುರೆಯ ಆಸುಪಾಸು ಇಟ್ಟು, ಸ್ಥಳ ಬದಲಿಸುತ್ತ ಕೇಳಿ, ಹಿತವೆನಿಸಿದ ಜಾಗದಲ್ಲಿ ಮಾತ್ರ ಶಾಶ್ವತವಾಗಿ ಕೂರಿಸಬೇಕು.

ಮಟ್ಟ ಹೊಂದಿಸುವಾಗ ಅನುಕ್ರಮ ಮುಖ್ಯ. ಎಲ್ಲ ಟೋನ್ ಗುಂಡಿಗಳನ್ನು ನಡುವಿನಲ್ಲಿರಿಸಿ, ಕಚೇರಿಯಲ್ಲಿ ನುಡಿಸುವಷ್ಟೇ ಬಲದಿಂದ ನುಡಿಸುತ್ತ, ಪ್ರಿಆಂಪಿನ ಗೇನನ್ನು (ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಗುಂಡಿ) ಧ್ವನಿ ಒಡೆಯದ ಮಟ್ಟದಲ್ಲಿ ನಿಲ್ಲಿಸಬೇಕು. ಬಳಿಕ ಮಿಕ್ಸರಿನ ಗೇನನ್ನು ಕೆಂಪು ದೀಪ ಹತ್ತದಷ್ಟಕ್ಕೆ ಏರಿಸಲು ಮೈಕಿನವರನ್ನು ಕೇಳಿಕೊಳ್ಳಬೇಕು. ಪರೀಕ್ಷೆಗೆ ಮೆಲ್ಲಗೆ ಮೀಟಿ, ಕಾರ್ಯಕ್ರಮದಲ್ಲಿ ಜೋರಾಗಿ ಬಾರಿಸಿದರೆ ಈ ಹೊಂದಾಣಿಕೆಯೆಲ್ಲ ವ್ಯರ್ಥವಾಗುತ್ತದೆ.

ಇದಾದ ಮೇಲಷ್ಟೇ ಟೋನಿನ ಕೆಲಸ. 100 ಹರ್ಟ್ಸ್‌ಗಿಂತ ಕೆಳಗೆ ಮ್ಯಾಂಡೊಲಿನ್‌ಗೆ ಸ್ವರವಿಲ್ಲ, ಅಲ್ಲಿರುವುದು ಕೈ ತಾಗಿದ ಸದ್ದು ಮತ್ತು ವೇದಿಕೆಯ ಹಲಗೆಯ ಗುಡುಗು ಮಾತ್ರ; ಲೋ ಕಟ್ ಒತ್ತಿ ಅದನ್ನು ತೆಗೆದುಬಿಡಬೇಕು. ಪೀಜೋ ಪಿಕಪ್ಪಿನ ಕರ್ಕಶತೆ ಸಾಮಾನ್ಯವಾಗಿ 1,500ರಿಂದ 3,000 ಹರ್ಟ್ಸ್‌ವರೆಗೆ ಇರುತ್ತದೆ. ಆ ಭಾಗವನ್ನು 3 ಅಥವಾ 4 ಡೆಸಿಬೆಲ್ ಇಳಿಸಿದರೆ ನಾದ ತುಂಬಿ ಬಂದಂತಾಗುತ್ತದೆ. ಟ್ರೆಬಲ್ ಏರಿಸಿದರೆ ಮೀಟುಗೋಲಿನ ಸದ್ದೇ ಮುಂದಾಗುವುದರಿಂದ ಅದನ್ನು ಮುಟ್ಟದಿರುವುದು ಲೇಸು. ಎಕೋ ಅಲ್ಪವಾಗಿ ಸಾಕು.

ಕೂಗು ಬಂದರೆ, ಅಂದರೆ ಫೀಡ್‌ಬ್ಯಾಕ್ ಆದರೆ, ಮೊದಲು ಸ್ಪೀಕರ್ ವಾದ್ಯಕ್ಕೆ ಎದುರಾಗಿದೆಯೇ ಎಂದು ನೋಡಿ ಸ್ವಲ್ಪ ತಿರುಗಿ ಕುಳಿತುಕೊಳ್ಳಬೇಕು. ನಂತರ ಫೇಸ್ ಸ್ವಿಚ್ ಬದಲಿಸಬೇಕು. ಒಮ್ಮೊಮ್ಮೆ ಅಷ್ಟರಲ್ಲಿಯೇ ಕೂಗು ನಿಲ್ಲುತ್ತದೆ. ನಿಲ್ಲದಿದ್ದರೆ ವಾದ್ಯದ ಟೊಳ್ಳಿನೊಳಗಿನ ಗಾಳಿ ಅನುರಣಿಸುವ 200ರಿಂದ 300 ಹರ್ಟ್ಸ್ ಆಸುಪಾಸಿನಲ್ಲಿ ನಾಚ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ಕೂಗುವ ಸ್ವರವನ್ನು ಹುಡುಕಬೇಕು. ಧ್ವನಿರಂಧ್ರಗಳಿಗೆ ಮೃದುವಾದ ಫೋಮ್ ತುರುಕುವುದೂ ಉಪಕಾರಿ. ಚೆಂಡೆಯ ಜೊತೆ ಸಮನಾಗಿ ಕೇಳಬೇಕೆಂಬಷ್ಟು ಎತ್ತರದ ಧ್ವನಿ ಬೇಕಿದ್ದರೆ ಟೊಳ್ಳು ಪೆಟ್ಟಿಗೆಯ ವಾದ್ಯಕ್ಕೆ ಅದು ಸಲ್ಲದು, ಗಟ್ಟಿ ಮರದ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಬೇಕು. ಕರ್ನಾಟಕ ಸಂಗೀತಕ್ಕೆ ಮ್ಯಾಂಡೊಲಿನ್ ಒಗ್ಗಿಸಿದ ಪಾಲಕೊಲ್ಲಿನ ಯು. ಶ್ರೀನಿವಾಸ್ (1969–2014) ನುಡಿಸುತ್ತಿದ್ದುದು ನಾಲ್ಕು ಜೋಡಿ ತಂತಿಗಳ ಬದಲು ಐದು ಒಂಟಿ ತಂತಿಗಳಿದ್ದ ಎಲೆಕ್ಟ್ರಿಕ್ ವಾದ್ಯವನ್ನೇ.

ಗುಂಯ್ ಎಂಬ ಸದ್ದಿನ ಮೂಲ ನಮ್ಮ 50 ಹರ್ಟ್ಸ್‌ನ ವಿದ್ಯುತ್ತು. ಉತ್ಸವಕ್ಕೆ ಕಟ್ಟಿದ ದೀಪಮಾಲೆಗಳ ತಂತಿಯಿಂದಲೂ ಟ್ರಾನ್ಸ್‌ಫಾರ್ಮರಿನಿಂದಲೂ ಕೇಬಲ್ಲನ್ನು ದೂರವಿಡಬೇಕು, ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಬೇಕು. ಸದ್ದು ಉಳಿದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ (ಧ್ವನಿ ಕೇಬಲ್ಲಿನ ಗ್ರೌಂಡ್ ಸಂಪರ್ಕವನ್ನು ಬಿಡಿಸುವುದು) ಒತ್ತಬಹುದು. ಯಾವ ಕಾರಣಕ್ಕೂ ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸಬಾರದು, ಬಿಚ್ಚಿಡಲೂ ಬಾರದು. ಲೋಹದ ತಂತಿಯ ಮೇಲೆ ಬೆರಳಿಟ್ಟು ಕುಳಿತವರಿಗೆ ಅದು ಪ್ರಾಣದ ವಿಷಯ.

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮೇಲ್ಹಲಗೆ ತೇವ ಹೀರಿ ತುಸು ಉಬ್ಬುತ್ತದೆ, ತಂತಿಗಳ ಎತ್ತರ ಬದಲಾಗುತ್ತದೆ, ಜ್ಯಾಕಿನ ಲೋಹಕ್ಕೆ ಕಿಲುಬು ಹಿಡಿದು ಕರಕರ ಸದ್ದು ಶುರುವಾಗುತ್ತದೆ. ವಾದ್ಯವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪೆಟ್ಟಿಗೆಯಲ್ಲಿಟ್ಟು, ಪ್ರಿಆಂಪಿನ ಬ್ಯಾಟರಿ ಹೊರತೆಗೆದಿಡಬೇಕು. ಚೌತಿಯ ಕಾರ್ಯಕ್ರಮಗಳು ಶುರುವಾಗುವ ಮೊದಲು ಜ್ಯಾಕನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿ, 12ನೇ ಫ್ರೆಟ್ಟಿನ ಮೇಲೆ ಒತ್ತಿದ ಸ್ವರವೂ ಅಲ್ಲಿಯೇ ಹಗುರವಾಗಿ ಮುಟ್ಟಿ ಹೊರಡಿಸಿದ ಸ್ವರವೂ ಒಂದೇ ಆಗಿವೆಯೇ ಎಂದು ಟ್ಯೂನರಿನಲ್ಲಿ ನೋಡಿ ಕುದುರೆಯ ಸ್ಥಾನವನ್ನು ಸರಿಪಡಿಸಿಕೊಳ್ಳಬೇಕು.